ನಾಯಿಗೆ ಸಲಾಮಿ ಮತ್ತು ‘ಒಂದು ತುಂಡು’ ಎಂಬ ಅಳತೆ

‘ನಾಯಿಗೆ ಸಲಾಮಿ ಕೊಡಬಹುದಾ?’ ಈ ಪ್ರಶ್ನೆಗೆ ಎರಡು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ‘ಅಯ್ಯೋ, ವಿಷ ಅದು, ಮುಟ್ಟಿಸಲೇಬೇಡಿ’ ಎಂಬುದು ಒಂದು. ‘ಒಂದು ತುಂಡಿಗೆ ಏನಾಗುತ್ತೆ ಬಿಡಿ, ನಮ್ಮನೇದು ಐದು ವರ್ಷದಿಂದ ತಿಂತಿದೆ, ಗುಂಡುಕಲ್ಲಿನ ಹಾಗಿದೆ’ ಎಂಬುದು ಇನ್ನೊಂದು. ಮೊದಲನೆಯದು ತಪ್ಪು. ಒಂದು ತುಂಡು ಸಲಾಮಿ ತಿಂದ ಆರೋಗ್ಯವಂತ ನಾಯಿ ಸಾಯುವುದಿಲ್ಲ; ಹೆಚ್ಚಿನ ಸಲ ಅದಕ್ಕೆ ಏನೂ ಆಗುವುದಿಲ್ಲ. ಎರಡನೆಯದು ಅರ್ಧ ನಿಜ, ಹಾಗಾಗಿಯೇ ಹೆಚ್ಚು ಹಾನಿ ಮಾಡುತ್ತದೆ. ಯಾಕೆಂದರೆ ಒಂದು ತುಂಡಿನ ಬಗ್ಗೆ ಕೇಳಿ, ಉತ್ತರ ಪಡೆದು, ಮನೆಗೆ ತರುವುದು ಇಡೀ ಪೊಟ್ಟಣವನ್ನು.

ತೊಡಕು ಸ್ವಲ್ಪ ಮಟ್ಟಿಗೆ ವ್ಯಾಕರಣದ್ದೂ ಹೌದು. ಕನ್ನಡದ ‘ಬಹುದು’ ಎರಡು ಕೆಲಸ ಮಾಡುತ್ತದೆ. ‘ಮಳೆ ಬರಬಹುದು’ ಎಂಬಲ್ಲಿ ಅದು ಸಾಧ್ಯತೆ, ‘ನೀವು ಒಳಗೆ ಬರಬಹುದು’ ಎಂಬಲ್ಲಿ ಅನುಮತಿ. ಸಲಾಮಿಯ ಪ್ರಶ್ನೆಯಲ್ಲಿ ಇವೆರಡೂ ಸದ್ದಿಲ್ಲದೆ ಅದಲುಬದಲಾಗುತ್ತವೆ. ಕೇಳುವಾಗ ಇರುವುದು ಸಾಧ್ಯತೆಯ ಅರ್ಥ: ತಿಂದರೆ ಬದುಕಿ ಉಳಿಯುತ್ತದೆಯೇ? ‘ಹೂಂ, ಉಳಿಯುತ್ತದೆ’ ಎಂಬ ಉತ್ತರ ಬಂದ ಕೂಡಲೇ ಅದು ಅನುಮತಿಯಾಗಿಬಿಡುತ್ತದೆ: ಹಾಗಾದರೆ ದಿನಾ ಕೊಡೋಣ. ಇದಕ್ಕೆ ಇಂಗ್ಲಿಷಿನ ‘ಸೇಫ್’ ಬಂದು ಸೇರಿಕೊಂಡು ಇನ್ನಷ್ಟು ಗೊಂದಲ ಮಾಡಿದೆ. ‘ಸೇಫ್’ ಅಲ್ಲದಿದ್ದರೆ ‘ಟಾಕ್ಸಿಕ್’, ಅದಲ್ಲದಿದ್ದರೆ ಇದು. ನಡುವೆ ಏನೂ ಇಲ್ಲ.

ಕನ್ನಡದ ಅಡುಗೆಮನೆಯಲ್ಲಿ ಆ ನಡುವಿನ ಜಾಗ ಎಷ್ಟು ದೊಡ್ಡದು! ಒಗ್ಗುವುದಿಲ್ಲ, ಮೈಗೆ ಆಗಿಬರುವುದಿಲ್ಲ, ನಂಜು, ಪಥ್ಯಕ್ಕೆ ಸಲ್ಲದು. ಗಾಯವಾದವನಿಗೆ ಬದನೆಕಾಯಿ ನಂಜು ಎನ್ನುವ ಅಜ್ಜಿ ಬದನೆಕಾಯಿ ವಿಷವೆಂದು ಹೇಳುತ್ತಿರುವುದಿಲ್ಲ. ಆಕೆಯ ವೈದ್ಯ ಸರಿಯೋ ತಪ್ಪೋ ಬೇರೆ ಮಾತು, ಪ್ರಶ್ನೆ ಕೇಳುವ ಕ್ರಮ ಮಾತ್ರ ಸರಿಯಾಗಿದೆ: ಯಾರಿಗೆ, ಯಾವ ಸ್ಥಿತಿಯಲ್ಲಿ, ಎಷ್ಟು, ಎಷ್ಟು ದಿನಕ್ಕೊಮ್ಮೆ. ಸಲಾಮಿ ನಾಯಿಗೆ ಒಗ್ಗುತ್ತದೆಯೇ ಎಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕಿಲ್ಲ. ಒಗ್ಗುವುದಿಲ್ಲ. ಸಲಾಮಿ, ಸಾಸೇಜ್, ಹ್ಯಾಮ್, ಬೇಕನ್, ಇವನ್ನು ನಾಯಿಗೆಂದು ಕೊಳ್ಳುವುದನ್ನೇ ಬಿಡಬೇಕು.

ಮೊದಲು ಈ ವಸ್ತುಗಳೇನು ಎಂದು ನೋಡಿ. ‘ಸಲಾಮಿ’ ಇಟಾಲಿಯನ್ ಮಾತು. ಉಪ್ಪಿಗೆ ಆ ಭಾಷೆಯಲ್ಲಿ ‘ಸಾಲೆ’ ಎನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ‘ಸಾಸೇಜ್’ ಕೂಡ ಲ್ಯಾಟಿನ್ನಿನ ‘ಸಾಲ್ಸುಸ್’, ಅಂದರೆ ಉಪ್ಪು ಹಾಕಿದ್ದು, ಎಂಬ ಪದದ ಮೊಮ್ಮಗು. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ ಕೊಳೆಯದಂತೆ ಕಾಪಾಡಲು ಯುರೋಪಿನವರು ಕಂಡುಕೊಂಡ ದಾರಿಗಳಿವು. ನೇರವಾಗಿ ಅನುವಾದಿಸಿದರೆ ಸಲಾಮಿ ಎಂದರೆ ‘ಉಪ್ಪಿನ ಮಾಂಸ’. ಕನ್ನಡದಲ್ಲೂ ಹೀಗೆ ಉಪ್ಪಿನಿಂದಲೇ ಹೆಸರು ಪಡೆದದ್ದೊಂದು ಇದೆ, ಉಪ್ಪಿನಕಾಯಿ. ಅದನ್ನು ಬಟ್ಟಲು ತುಂಬ ಬಡಿಸಿಕೊಂಡು ತಿನ್ನುವವರಿಲ್ಲ. ಎಲೆಯ ತುದಿಗೆ ಅದರ ಜಾಗ. ಕರಾವಳಿಯಿಂದ ಮುಂಬೈಗೆ ಹೋದ ಮನೆಗಳಲ್ಲಿ ಒಣಮೀನನ್ನು ನೀರಲ್ಲಿ ನೆನೆಸಿ, ಉಪ್ಪು ಬಿಡಿಸಿ ಬೇಯಿಸುತ್ತಾರೆ. ಸಲಾಮಿಗೆ ಮಾತ್ರ ಈ ಯಾವ ಎಚ್ಚರವೂ ಅನ್ವಯಿಸುವುದಿಲ್ಲ, ಏಕೆಂದರೆ ಅದು ಗುಲಾಬಿ ಬಣ್ಣದಲ್ಲಿ, ಗುಂಡಗೆ, ಮೆತ್ತಗೆ, ಮಗುವಿನ ತಿಂಡಿಯ ಹಾಗೆ ಕಾಣುತ್ತದೆ.

ಭಾರತದಲ್ಲಿ ಮಾರಾಟವಾಗುವುದು ಬಹುಪಾಲು ಚಿಕನ್ ಸಲಾಮಿ. ಇಟಲಿಯ ಸಲಾಮಿಯ ಹಾಗೆ ಹುದುಗಿಸಿ ತಿಂಗಳುಗಟ್ಟಲೆ ಒಣಗಿಸಿದ್ದಲ್ಲ. ಮಾಂಸ, ಕೊಬ್ಬು, ನೀರು, ಪಿಷ್ಟ ಅಥವಾ ಸೋಯಾ ಪುಡಿ, ಉಪ್ಪು, ಫಾಸ್ಫೇಟ್, ನೈಟ್ರೈಟ್, ಮಸಾಲೆ ಇವನ್ನೆಲ್ಲ ನುಣ್ಣಗೆ ಅರೆದು ಕೊಳವೆಯಲ್ಲಿ ತುಂಬಿ ಬೇಯಿಸಿದ್ದು. ‘ಚಿಕನ್ ತಾನೆ’ ಎಂಬ ಸಮಾಧಾನಕ್ಕೆ ಇಲ್ಲಿ ಆಧಾರ ಕಡಿಮೆ. ಕೋಳಿಯಿಂದ ಹೊರಟ ಪದಾರ್ಥ ಎಂಬುದೇನೋ ಸರಿ, ಅದು ತಲುಪಿರುವ ಜಾಗ ಬೇರೆ.

ಈಗ ‘ಒಂದು ತುಂಡು’ ಎಂಬ ಅಳತೆಗೆ ಬರೋಣ. ಐದು ಕಿಲೋ ತೂಗುವ ಪೊಮೆರೇನಿಯನ್ನೋ ಶಿಟ್ಜುವೋ ಇದೆ ಎಂದುಕೊಳ್ಳಿ. ಅದರ ದಿನದ ಸೋಡಿಯಂ ಅಗತ್ಯ ಸುಮಾರು 90 ಮಿಲಿಗ್ರಾಂ. ಪೊಟ್ಟಣದ ಹಿಂದೆ 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಎಂದು ಬರೆದಿದ್ದರೆ, 40 ಗ್ರಾಮಿನ ಒಂದು ಸಾಸೇಜಿನಲ್ಲಿ 320 ಮಿಲಿಗ್ರಾಂ ಆಯಿತು. ದಿನದ ಅಗತ್ಯದ ಮೂರೂವರೆ ಪಟ್ಟು, ಅದೂ ಮಾಮೂಲು ಊಟದ ಮೇಲೆ. ಮನುಷ್ಯನ ಅಳತೆಗೆ ತಂದು ನೋಡುವುದಾದರೆ, 60 ಕಿಲೋ ತೂಗುವವರು ಅದೇ ಪ್ರಮಾಣದಲ್ಲಿ 3,840 ಮಿಲಿಗ್ರಾಂ ಸೋಡಿಯಂ ತಿಂದ ಹಾಗೆ. ದೊಡ್ಡವರಿಗೆ ಇಡೀ ದಿನಕ್ಕೆ 2,000 ಮಿಲಿಗ್ರಾಂ ಒಳಗಿರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೂತ್ರಪಿಂಡ ಗಟ್ಟಿಯಿರುವ, ಕುಡಿಯಲು ಬೇಕಾದಷ್ಟು ನೀರಿರುವ ನಾಯಿ ಈ ಹೆಚ್ಚುವರಿ ಉಪ್ಪನ್ನು ಉಚ್ಚೆಯಲ್ಲಿ ಹೊರಗೆ ಹಾಕುತ್ತದೆ, ನಿಜ. ಉಪ್ಪಿನ ವಿಷಬಾಧೆ ಆಗಬೇಕಾದರೆ ಇದರ ಹತ್ತಾರು ಪಟ್ಟು ಬೇಕು, ಅದೂ ನಿಜ. ಆದರೆ ಎಲ್ಲ ನಾಯಿಯೂ ಗಟ್ಟಿಯಿರುವುದಿಲ್ಲ, ಆ ಮಾತು ಮುಂದೆ ಬರುತ್ತದೆ.

ಮತ್ತೆ, ತುಂಡು ಎಣಿಸುವವರು ಯಾರು? ಮನೆಯಲ್ಲಿ ನಾಲ್ಕು ಜನ. ಬೆಳಿಗ್ಗೆ ಸ್ಯಾಂಡ್‌ವಿಚ್ ಮಾಡುವಾಗ ಅಮ್ಮ ಅಂಚು ಕತ್ತರಿಸಿ ಹಾಕುತ್ತಾರೆ. ಶಾಲೆಯಿಂದ ಬಂದ ಮಗಳು ಒಂದು. ಆಫೀಸಿನಿಂದ ಬಂದ ಅಪ್ಪನ ಕಾಲಿಗೆ ಸುತ್ತಿಕೊಂಡದ್ದಕ್ಕೆ ಒಂದು. ಕೆಲಸಕ್ಕೆ ಬರುವ ಅಕ್ಕನಿಗೂ ನಾಯಿಯೆಂದರೆ ಜೀವ. ಪ್ರತಿಯೊಬ್ಬರೂ ಕೊಟ್ಟದ್ದು ಒಂದೇ ತುಂಡು, ಯಾರೂ ಸುಳ್ಳು ಹೇಳುತ್ತಿಲ್ಲ. ತಿಂದದ್ದು ಮಾತ್ರ ನಾಲ್ಕು. ತಿಂಡಿತೀನಿಯಿಂದ ಬರುವ ಕ್ಯಾಲರಿ ದಿನದ ಒಟ್ಟಿನಲ್ಲಿ ಹತ್ತನೇ ಒಂದು ಭಾಗ ಮೀರಬಾರದು ಎನ್ನುವುದು ಪಶುವೈದ್ಯರ ಸಾಮಾನ್ಯ ಲೆಕ್ಕ. ಐದು ಕಿಲೋ ನಾಯಿಗೆ ಅದು 30–35 ಕ್ಯಾಲರಿ. ಒಂದು ಸಾಸೇಜಿನಲ್ಲೇ ಅದರ ಎರಡು ಮೂರು ಪಟ್ಟು ಇರುತ್ತದೆ. ನಗರದ ಸಣ್ಣ ನಾಯಿಗಳ ಹೊಟ್ಟೆ ನೆಲಕ್ಕೆ ತಾಗುವಂತಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಉಪ್ಪಾದರೂ ಪೊಟ್ಟಣದ ಮೇಲೆ ಅಂಕಿಯಾಗಿ ಕಾಣುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಕಾಣುವುದಿಲ್ಲ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಮೈತೂಕದ ಶೇಕಡಾ 0.5ಕ್ಕಿಂತ ಹೆಚ್ಚು ಈರುಳ್ಳಿ ಒಮ್ಮೆಲೇ ತಿಂದ ಪ್ರಾಣಿಗಳಲ್ಲಿ ತೊಂದರೆ ಕಾಣಿಸಿಕೊಳ್ಳುತ್ತದೆ ಎಂಬುದು ಪಶುವೈದ್ಯ ಪುಸ್ತಕಗಳಲ್ಲಿರುವ ಅಂದಾಜು. ಐದು ಕಿಲೋ ನಾಯಿಗೆ ಇದು 25 ಗ್ರಾಂ, ಅಂದರೆ ಮಧ್ಯಮ ಗಾತ್ರದ ಈರುಳ್ಳಿಯ ಕಾಲು ಭಾಗ. ಬೆಳ್ಳುಳ್ಳಿ ಇದಕ್ಕಿಂತ ತೀಕ್ಷ್ಣ. ಬೇಯಿಸಿದರೆ ಈ ಗುಣ ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದರೆ ಅಷ್ಟೇ ತೂಕಕ್ಕೆ ಸಾರ ಹಲವು ಪಟ್ಟು ಹೆಚ್ಚುತ್ತದೆ, ಸಾಸೇಜಿಗೆ ಬೀಳುವುದು ಹೆಚ್ಚಾಗಿ ಪುಡಿಯೇ. ಒಂದು ತುಂಡಿನಲ್ಲಿ ಇರುವುದು ಚಿಟಿಕೆಗಿಂತ ಕಡಿಮೆ, ಅದರಿಂದ ನಾಯಿ ಬೀಳುವುದಿಲ್ಲ. ಆದರೆ ಸ್ವಲ್ಪ ಸ್ವಲ್ಪವಾಗಿ ದಿನಗಟ್ಟಲೆ ಹೋದರೂ ಇದೇ ಹಾನಿ ಆಗಬಲ್ಲದು. ಇನ್ನು ಗೋವಾದ ಚೌರಿಸ್ ಸಾಸೇಜ್ ವಿಷಯದಲ್ಲಿ ಊಹೆಯೇ ಬೇಡ. ಬೆಳ್ಳುಳ್ಳಿ, ಒಣಮೆಣಸು, ವಿನೆಗರ್ ಇಲ್ಲದೆ ಅದು ಚೌರಿಸೇ ಅಲ್ಲ.

ಪೊಟ್ಟಣ ಓದಿ ತಿಳಿಯೋಣವೆಂದರೆ ಅದೂ ಸುಲಭವಿಲ್ಲ. ಭಾರತದ ಲೇಬಲ್ ನಿಯಮಗಳು ಮಸಾಲೆಗಳನ್ನೆಲ್ಲ ‘ಮಿಕ್ಸೆಡ್ ಸ್ಪೈಸಸ್’, ‘ಕಾಂಡಿಮೆಂಟ್ಸ್’ ಎಂಬಂಥ ಒಂದು ವರ್ಗದ ಹೆಸರಿನಡಿ ಬರೆಯಲು ಬಿಡುತ್ತವೆ. ಆ ಎರಡು ಪದಗಳ ಹಿಂದೆ ಬೆಳ್ಳುಳ್ಳಿ ಪುಡಿ ನಿಂತಿದ್ದರೂ ಹೊರಗಿನಿಂದ ಗೊತ್ತಾಗದು. ನೈಟ್ರೈಟ್ ಇದ್ದರೆ ‘ಪ್ರಿಸರ್ವೇಟಿವ್ ಐಎನ್‌ಎಸ್ 250’ ಎಂದಿರುತ್ತದೆ. ಅಂಕಿ ಗೊತ್ತಿದ್ದವರಿಗೆ ಗೊತ್ತು. ಅಂದಹಾಗೆ ಈ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಕಾನೂನಿಗೆ ಸಾಕು. ಮನೆಯಲ್ಲಿ ದಿನವಿಡೀ ನಾಯಿಯ ಜೊತೆ ಇರುವ, ಅದಕ್ಕೆ ಊಟ ಹಾಕುವ ಅಜ್ಜ ಅಜ್ಜಿಯರು ಎರಡನ್ನೂ ಓದದಿದ್ದರೆ ಅವರ ಪಾಲಿಗೆ ಪೊಟ್ಟಣದ ಮೇಲಿರುವುದು ಕೋಳಿಯ ಚಿತ್ರ ಮಾತ್ರ.

ಈ ಬೆಳ್ಳುಳ್ಳಿಯ ಮಾತು ಭಾರತದಲ್ಲಿ ಹೆಚ್ಚು ಮುಖ್ಯವಾಗುವುದಕ್ಕೆ ಕಾರಣ ಉಣುಗು. ಉಣುಗು ಕಚ್ಚಿ ಬರುವ ಟಿಕ್ ಫೀವರ್ ಮುಂಬೈ, ಪುಣೆ, ಚೆನ್ನೈ, ಹೈದರಾಬಾದುಗಳ ನಾಯಿ ಸಾಕುವವರಿಗೆ ಹೊಸದಲ್ಲ. ಅದರಲ್ಲಿ ಬಬೀಸಿಯಾ ಎಂಬ ಪರೋಪಜೀವಿ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ನಾಯಿ ಸುಸ್ತಾಗಿ ಮೂಲೆ ಹಿಡಿಯುತ್ತದೆ, ಊಟ ಬಿಡುತ್ತದೆ. ಮನೆಯವರಿಗೆ ಸಂಕಟ. ಎರಡು ದಿನದಿಂದ ಏನೂ ಮುಟ್ಟಿಲ್ಲ, ಸಲಾಮಿ ಹಿಡಿದರೆ ಮಾತ್ರ ಬಾಯಿ ತೆರೆಯುತ್ತದೆ. ‘ಏನಾದ್ರೂ ಹೊಟ್ಟೆಗೆ ಹೋದ್ರೆ ಸಾಕಪ್ಪ’ ಎಂದು ಅದನ್ನೇ ಕೊಡುತ್ತಾರೆ. ರಕ್ತಕಣ ಕಳೆದುಕೊಳ್ಳುತ್ತಿರುವ ನಾಯಿಗೆ ರಕ್ತಕಣ ಒಡೆಯುವ ಮಸಾಲೆ. ಪ್ರೀತಿಯಿಂದ ಮಾಡಿದ್ದೆಂಬುದರಲ್ಲಿ ಸಂಶಯವಿಲ್ಲ, ಆದರೆ ಮಾಡಬಾರದ ಹೊತ್ತಿನಲ್ಲಿ ಮಾಡಬಾರದ್ದು. ಬೆಳ್ಳುಳ್ಳಿ ತಿನ್ನಿಸಿದರೆ ಉಣುಗು ಹತ್ತಿರ ಬರುವುದಿಲ್ಲ ಎಂದು ಬೇಕೆಂದೇ ಕೊಡುವವರೂ ಇದ್ದಾರೆ. ಅವರ ಜೊತೆ ಜಗಳ ಇನ್ನೊಂದು ದಿನ ಆಡಬೇಕು.

ಕೊಬ್ಬಿನ ಸಂಗತಿಯನ್ನು ಚಿಕ್ಕದಾಗಿ ಹೇಳಬಹುದು. ಡಿಸೆಂಬರ್ 31ರ ರಾತ್ರಿ ಮನೆಯಲ್ಲಿ ಪಾರ್ಟಿ, ತಟ್ಟೆಯಲ್ಲಿ ಬೇಕನ್, ಸಾಸೇಜ್. ಬಂದವರೆಲ್ಲ ಮೇಜಿನ ಕೆಳಗೆ ಕೈ ಬಿಡುತ್ತಾರೆ. ಅಭ್ಯಾಸವಿಲ್ಲದಷ್ಟು ಕೊಬ್ಬು ಒಮ್ಮೆಲೇ ಬಿದ್ದಾಗ ಕೆಲವು ನಾಯಿಗಳ ಮೇದೋಜ್ಜೀರಕ ಗ್ರಂಥಿ ಉರಿಯೂತಕ್ಕೆ ಒಳಗಾಗುತ್ತದೆ. ಆ ಗ್ರಂಥಿಯ ಜೀರ್ಣರಸ ಅದನ್ನೇ ಜೀರ್ಣಿಸತೊಡಗುತ್ತದೆ ಎಂದರೆ ನೋವು ಎಂಥದೆಂದು ಊಹಿಸಬಹುದು. ವಾಂತಿ, ಹೊಟ್ಟೆ ಮುಟ್ಟಿದರೆ ಕುಂಯ್ ಎನ್ನುವುದು, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ನಿಲ್ಲುವುದು. ನಮಸ್ಕಾರ ಮಾಡುವಂತೆ ಕಾಣುವ ಈ ಭಂಗಿಯ ಫೋಟೋ ತೆಗೆದು ನಗುವವರಿದ್ದಾರೆ. ನಗುವ ಹೊತ್ತಲ್ಲ ಅದು.

ಇಷ್ಟಾದರೂ ಈ ಪದಾರ್ಥ ನಾಯಿಯ ಬಟ್ಟಲಿಗೆ ಬಂದದ್ದು ಯಾಕೆ? ರುಚಿ, ಫ್ಯಾಷನ್ ಎಲ್ಲ ಇರಬಹುದು. ಆದರೆ ಎಲ್ಲರೂ ಬಲ್ಲ, ಯಾರೂ ಆಡದ ಕಾರಣ ಇನ್ನೊಂದಿದೆ. ಪುಣೆಯ ಕೋಥ್ರೂಡಿನಲ್ಲೋ ಮುಂಬೈಯ ಮಾಟುಂಗದಲ್ಲೋ ಚೆನ್ನೈನ ಮೈಲಾಪುರದಲ್ಲೋ ಇರುವ ಸಸ್ಯಾಹಾರಿ ಮನೆಗೆ ನಾಯಿ ಬರುತ್ತದೆ. ಮಕ್ಕಳ ಹಟಕ್ಕೆ ಬಂದ ಲ್ಯಾಬ್ರಡಾರ್. ಅದಕ್ಕೆ ಮಾಂಸ ಬೇಕು ಎಂದು ಯಾರೋ ಹೇಳುತ್ತಾರೆ. ಮನೆಯಲ್ಲಿ ಬೇಯಿಸುವಂತಿಲ್ಲ: ಪಾತ್ರೆ ಆಗದು, ಒಲೆ ಆಗದು, ವಾಸನೆ ಆಗದು. ಬಾಡಿಗೆ ಮನೆಯಾದರೆ ಮಾಲೀಕರ ಕರಾರಿನಲ್ಲೇ ‘ಓನ್ಲಿ ವೆಜ್’ ಎಂದಿರುತ್ತದೆ. ಆಗ ಒದಗಿ ಬರುವುದೇ ಸಲಾಮಿ ಪೊಟ್ಟಣ. ಬೇಯಿಸಬೇಕಿಲ್ಲ, ತೊಳೆಯಬೇಕಿಲ್ಲ, ಮೂಳೆ ಇಲ್ಲ, ರಕ್ತ ಕಾಣುವುದಿಲ್ಲ. ಆ್ಯಪಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಬಾಗಿಲಿಗೆ. ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಅಡಗಿಸಿಟ್ಟು, ಬಾಲ್ಕನಿಯಲ್ಲಿ ಕತ್ತರಿಯಿಂದ ಕತ್ತರಿಸಿ ಹಾಕಿದರೆ ಮಡಿಯೂ ಉಳಿಯಿತು, ನಾಯಿಗೂ ಮಾಂಸವಾಯಿತು.

ಈ ವ್ಯವಸ್ಥೆಯಲ್ಲಿ ಅನುಕೂಲ ಯಾರದು? ಅಡುಗೆಮನೆಯನ್ನು ಕಾಪಾಡಿಕೊಳ್ಳುವ ಹಕ್ಕು ಆ ಮನೆಯವರಿಗೆ ಖಂಡಿತ ಇದೆ, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದರ ಬೆಲೆಯನ್ನು ನಾಯಿಯ ಮೂತ್ರಪಿಂಡದಿಂದ ಕಟ್ಟಿಸಿ, ಅದಕ್ಕೆ ನಾಯಿಯ ಮೇಲಿನ ಅಕ್ಕರೆ ಎಂದು ಹೆಸರಿಡುವುದರ ಬಗ್ಗೆ. ಮನುಷ್ಯನ ಮಡಿಗೆ ಒಗ್ಗುವ ಮಾಂಸ ಅದು. ನಾಯಿಗೆ ಒಗ್ಗುವುದೇ ಎಂದು ಯಾರೂ ಕೇಳಿಲ್ಲ.

ಸಸ್ಯಾಹಾರಿ ಮನೆಗೆ ಬೇರೆ ದಾರಿ ಇಲ್ಲವೆಂಬುದೂ ಸುಳ್ಳು. ನಾಯಿ ತೋಳವಲ್ಲ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ವಂಶವಾಹಿಯ ಮಟ್ಟದಲ್ಲೇ ತೋರಿಸಿತು: ಪಿಷ್ಟ ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ. ಮನುಷ್ಯನ ಬೆಳೆ, ಮನುಷ್ಯನ ಎಂಜಲು ತಿಂದು ಸಾವಿರಾರು ವರ್ಷಗಳಲ್ಲಿ ಅದು ಅನ್ನಕ್ಕೂ ರೊಟ್ಟಿಗೂ ಒಗ್ಗಿಕೊಂಡ ಪ್ರಾಣಿ. ಹಾಗೆಂದು ಬರೀ ಮೊಸರನ್ನ ಹಾಕಿ ಕೈ ತೊಳೆದುಕೊಂಡರೆ ಪ್ರೋಟೀನ್ ಸಾಲದು. ಮೊಟ್ಟೆ ಒಳಗೆ ಬರುವ ಮನೆಯಾದರೆ ಮೊಟ್ಟೆ, ಇಲ್ಲವಾದರೆ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ ಎಂದು ಬರೆದ ನಾಯಿಯ ಒಣ ಆಹಾರ. ಅದರಲ್ಲೂ ಮಾಂಸವಿದೆ, ಅದನ್ನೂ ಬೇಯಿಸಬೇಕಿಲ್ಲ, ಆದರೆ ಅದನ್ನು ನಾಯಿಯ ಮೈಗೆ ಅಳೆದು ಮಾಡಿರುತ್ತಾರೆ. ಮಾಂಸಾಹಾರಿ ಮನೆಗಂತೂ ನೆಪವೇ ಇಲ್ಲ. ಸಲಾಮಿಯ ದುಡ್ಡಿಗೆ ಪಕ್ಕದ ಅಂಗಡಿಯಲ್ಲಿ ಹಸಿ ಕೋಳಿ ಸಿಗುತ್ತದೆ. ಉಪ್ಪು, ಖಾರ, ಈರುಳ್ಳಿ ಹಾಕುವ ಮುಂಚೆ ನಾಲ್ಕು ತುಂಡನ್ನು ಬೇರೆ ನೀರಲ್ಲಿ ಬೇಯಿಸಿ, ಮೂಳೆ ತೆಗೆದು ಎತ್ತಿಟ್ಟರೆ ಮುಗಿಯಿತು.

ಎಲ್ಲಕ್ಕಿಂತ ಬೇಸರ ತರಿಸುವುದು ಮಾತ್ರೆಯ ಕತೆ. ವಯಸ್ಸಾದ ಸಣ್ಣ ತಳಿಯ ನಾಯಿಗಳಲ್ಲಿ ಹೃದಯದ ಕವಾಟ ಸವೆದು ಸೋರುವ ಕಾಯಿಲೆ ತೀರಾ ಸಾಮಾನ್ಯ. ಹೃದಯ ಸೋತಾಗ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬಿ ನಾಯಿ ರಾತ್ರಿಯೆಲ್ಲ ಏದುಸಿರು ಬಿಡುತ್ತಾ ಕೂತಿರುತ್ತದೆ. ವೈದ್ಯರು ಫ್ಯೂರೋಸೆಮೈಡ್ ಬರೆಯುತ್ತಾರೆ. ಮೈಯಲ್ಲಿ ನಿಂತ ಸೋಡಿಯಂ ಮತ್ತು ನೀರನ್ನು ಮೂತ್ರದಲ್ಲಿ ಹೊರಗೆ ತಳ್ಳುವುದೇ ಆ ಮಾತ್ರೆಯ ಕೆಲಸ. ಮಾತ್ರೆ ಕಹಿ, ನಾಯಿ ಉಗಿಯುತ್ತದೆ. ಆಗ ಮನೆಯವರು ಅದನ್ನು ಸಲಾಮಿಯಲ್ಲಿ ಸುತ್ತಿ ಕೊಡುತ್ತಾರೆ, ದಿನಕ್ಕೆ ಎರಡು ಸಲ, ಕೆಲವರು ಮೂರು ಸಲ. ಸೋಡಿಯಂ ಹೊರಹಾಕುವ ಮಾತ್ರೆ, ಸೋಡಿಯಂ ಹೊದಿಕೆಯಲ್ಲಿ. ಹೃದಯರೋಗದ ನಾಯಿಗೆ ಉಪ್ಪಿನ ತಿಂಡಿ ಬೇಡವೆಂದು ಹೇಳುವ ವೈದ್ಯರೂ ಎಷ್ಟೋ ಸಲ ಮಾತ್ರೆಯನ್ನು ಹೇಗೆ ನುಂಗಿಸುತ್ತೀರಿ ಎಂದು ಕೇಳುವುದಿಲ್ಲ. ಮನೆಯವರಿಗೂ ಅದು ತಿಂಡಿಯೆಂದು ಅನಿಸಿರುವುದಿಲ್ಲ, ಔಷಧದ ಭಾಗವೆಂದೇ ಅನಿಸಿರುತ್ತದೆ. ಹಾಗಾಗಿ ‘ಹೊರಗಿನದ್ದೇನಾದರೂ ಕೊಡ್ತೀರಾ?’ ಎಂದರೆ ‘ಇಲ್ಲ ಡಾಕ್ಟ್ರೇ’ ಎಂಬ ಪ್ರಾಮಾಣಿಕ ಉತ್ತರ ಬರುತ್ತದೆ.

ಇದಕ್ಕೆ ಪರಿಹಾರ ಕನ್ನಡದ ಮನೆಯಲ್ಲಿ ಮೊದಲಿಂದಲೂ ಇದೆ. ಅಗಿಯದೆ ನುಂಗಲೆಂದೇ ಇರುವ ಊಟ ಯಾವುದು? ರಾಗಿಮುದ್ದೆ. ಉಪ್ಪು ಹಾಕದೆ ತಿರುವಿದ ಮುದ್ದೆಯಿಂದ ನೆಲ್ಲಿಕಾಯಿಯಷ್ಟು ಮುರಿದು, ನಡುವೆ ಮಾತ್ರೆ ಇಟ್ಟು ಉಂಡೆ ಕಟ್ಟಿದರೆ ಬಹಳಷ್ಟು ನಾಯಿಗಳು ಗುಳಕ್ಕನೆ ನುಂಗುತ್ತವೆ. ಮುದ್ದೆ ಮಾಡದ ಮನೆಯಾದರೆ ಬಾಳೆಹಣ್ಣಿನ ತುಂಡು, ಬೇಯಿಸಿದ ಸಿಹಿಗೆಣಸು, ಬೆಂದ ಕೋಳಿ. ಹಾಲು ಮೊಸರಿನ ಜೊತೆ ಕೆಲವು ಆ್ಯಂಟಿಬಯಾಟಿಕ್ ಹೊಂದುವುದಿಲ್ಲ, ಟಿಕ್ ಫೀವರಿಗೆ ಕೊಡುವ ಮಾತ್ರೆಯಾದರೆ ಕೇಳಿಕೊಂಡೇ ಕೊಡಬೇಕು.

ಎದುರು ವಾದಗಳಲ್ಲಿ ಒಂದೆರಡಕ್ಕೆ ಬೆಲೆ ಇದೆ. ತರಬೇತಿ ಕೊಡುವವರು ಸಾಸೇಜ್ ಚೂರುಗಳನ್ನು ಬಳಸುತ್ತಾರೆ, ಅವರ ನಾಯಿಗಳು ಚೆನ್ನಾಗಿಯೇ ಇರುತ್ತವೆ. ಹೌದು, ಆದರೆ ಅವರು ಕೊಡುವುದು ಕಡಲೆಬೇಳೆಯಷ್ಟು, ಎಣಿಸಿ, ಅದನ್ನು ದಿನದ ಊಟದಲ್ಲಿ ಕಳೆದು, ಚೆನ್ನಾಗಿ ಓಡಿಸಿದ ದೊಡ್ಡ ನಾಯಿಗೆ. ಆ ಶಿಸ್ತು ಇದ್ದವರಿಗೆ ಈ ಲೇಖನದ ಅಗತ್ಯವಿಲ್ಲ. ಅವರಿಗೂ ಬೇಯಿಸಿದ ಕೋಳಿ ಅಷ್ಟೇ ಕೆಲಸ ಮಾಡುತ್ತದೆ ಎಂಬುದು ಬೇರೆ.

‘ಬೀದಿ ನಾಯಿ ಏನು ಬೇಕಾದ್ರೂ ತಿಂದು ಬದುಕುತ್ತಲ್ಲ’ ಎಂಬುದು ಇನ್ನೊಂದು ವಾದ. ಎಷ್ಟು ದಿನ ಬದುಕುತ್ತದೆ, ಏನಾಗಿ ಸಾಯುತ್ತದೆ ಎಂದು ನೋಡಿದವರು ಯಾರು? ಬೀದಿ ನಾಯಿಯ ಮರಣೋತ್ತರ ಪರೀಕ್ಷೆ ನಡೆಯುವುದಿಲ್ಲ. ಅದಕ್ಕೆ ಆಯ್ಕೆ ಇಲ್ಲ, ಮನೆಯ ನಾಯಿಯ ಬಟ್ಟಲಿಗೆ ಏನು ಬೀಳಬೇಕೆಂದು ಆರಿಸುವವರು ಇದ್ದಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ‘ಎಷ್ಟು ಇಷ್ಟಪಟ್ಟು ತಿನ್ನುತ್ತೆ ಗೊತ್ತಾ?’ ಎಂಬುದಕ್ಕಂತೂ, ಅದು ಚಪ್ಪಲಿಯನ್ನೂ ಅಷ್ಟೇ ಇಷ್ಟಪಟ್ಟು ತಿನ್ನುತ್ತದೆ ಎಂದಷ್ಟೇ ಹೇಳಬಹುದು.

ಹೆದರಿಸುವವರ ಬಣಕ್ಕೂ ಒಂದು ಮಾತು. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದನ್ನು ಹಿಡಿದುಕೊಂಡು ‘ಸಲಾಮಿ ತಿಂದ ನಾಯಿಗೆ ಕ್ಯಾನ್ಸರ್’ ಎಂದು ಹಬ್ಬಿಸುವುದು ಅಪ್ರಾಮಾಣಿಕ. ಆ ತೀರ್ಮಾನ ನಿಂತಿರುವುದು ಮನುಷ್ಯರ ಮೇಲಿನ ಅಧ್ಯಯನಗಳ ಮೇಲೆ, ದಿನಾ ದಶಕಗಟ್ಟಲೆ ತಿಂದವರ ದೊಡ್ಡ ಕರುಳಿನ ಕ್ಯಾನ್ಸರಿನ ಬಗ್ಗೆ. ಉಪ್ಪು, ಬೆಳ್ಳುಳ್ಳಿ, ಕೊಬ್ಬು ಇವಿಷ್ಟರ ವಾದ ಗಟ್ಟಿಯಾಗಿರುವಾಗ ಸಾಲದ ವಾದ ಯಾಕೆ?

ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಭಯ ಮಾತ್ರ ನಿಜವಾದದ್ದು, ಅದು ನಾಯಿಗಿಂತ ಮನೆಯವರಿಗೆ ಹೆಚ್ಚು. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಜೀವಿ ಅದು. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಸಲಾಮಿಯಂಥದ್ದೇ ಆದ ‘ಪೊಲೊನಿ’ ಎಂಬ ತಣ್ಣನೆಯ ಮಾಂಸದಿಂದ ಹಬ್ಬಿ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 200ಕ್ಕೂ ಹೆಚ್ಚು ಜನ ಸತ್ತರು. ಮೇ ತಿಂಗಳ ಬಿಸಿಲಲ್ಲಿ ಡೆಲಿವರಿ ಚೀಲದಲ್ಲಿ ಬಂದು, ಕರೆಂಟು ಹೋದಾಗ ಕರಗಿ, ವಾಕಿಂಗಿಗೆ ಹೋಗುವಾಗ ಜೇಬಿನಲ್ಲಿ ಬೆಚ್ಚಗಾಗುವ ತುಂಡುಗಳನ್ನು ಬರಿಗೈಯಲ್ಲಿ ಮುರಿಯುವವರು ಬಸುರಿಯೋ ವಯಸ್ಸಾದವರೋ ಆಗಿದ್ದರೆ ಯೋಚಿಸಬೇಕಾದ್ದಿದೆ.

ಇನ್ನು, ಮನೆಯಲ್ಲಿ ಮನುಷ್ಯರಿಗೆಂದು ತಂದ ಪೊಟ್ಟಣಕ್ಕೆ ನಾಯಿಯೇ ಕನ್ನ ಹಾಕಿದರೆ? ಅದು ಆಗಿಯೇ ಆಗುತ್ತದೆ. ದೊಡ್ಡ ನಾಯಿ, ಎರಡು ಮೂರು ತುಂಡು ಎಂದಾದರೆ ನೀರು ಇಟ್ಟು, ಸಂಜೆಯ ಊಟ ಹಗುರ ಮಾಡಿ, ಕಣ್ಣಿಟ್ಟಿದ್ದರೆ ಸಾಕು. ಸಣ್ಣ ನಾಯಿ ಅರ್ಧ ಪೊಟ್ಟಣ ಮುಗಿಸಿದ್ದರೆ, ಅಥವಾ ಹೃದಯ, ಮೂತ್ರಪಿಂಡ, ಮೇದೋಜ್ಜೀರಕದ ತೊಂದರೆ ಮೊದಲೇ ಇದ್ದರೆ, ಅಥವಾ ಪ್ಲಾಸ್ಟಿಕ್ ಹೊದಿಕೆಯೂ ಅದರ ತುದಿಯ ಲೋಹದ ಕ್ಲಿಪ್ಪೂ ಕಾಣೆಯಾಗಿದ್ದರೆ, ಉಳಿದ ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ವೈದ್ಯರ ಹತ್ತಿರ ಹೋಗಬೇಕು. ಬೆಳ್ಳುಳ್ಳಿ, ಈರುಳ್ಳಿಯ ಪರಿಣಾಮ ಅಂದೇ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ಒಸಡು ಬಿಳುಚುವುದು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು ಶುರುವಾಗಬಹುದು. ಒಂದು ವಾರ ಒಸಡು ನೋಡುತ್ತಿರಬೇಕು. ಮತ್ತೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಮನೆಮದ್ದನ್ನು ಯಾವ ಕಾರಣಕ್ಕೂ ಮಾಡಕೂಡದು. ಇಡೀ ಪೊಟ್ಟಣ ಸಲಾಮಿಯಲ್ಲಿ ಇಲ್ಲದಷ್ಟು ಉಪ್ಪು ಆ ಒಂದು ಲೋಟದಲ್ಲಿ ಇರುತ್ತದೆ.